ವೈರು ಮುಟ್ಟುವುದಿಲ್ಲ ಎಂದಿದ್ದೆ

ಹೋದ ವರ್ಷ ರಂಜಾನ್ ತಿಂಗಳಲ್ಲಿ ನಡೆದದ್ದು ಇದು. ನಾವು ದುಬೈಯಲ್ಲಿ, ಅಲ್ ಕುಸೈಸಿನ ಮಗನ ಫ್ಲ್ಯಾಟಿನಲ್ಲಿ ಇರುವುದು. ನನ್ನ ಗಂಡನಿಗೆ ಪಾರ್ಶ್ವವಾಯು ಬಡಿದು ಆಗ ಮೂರು ವರ್ಷ. ಬಲಗೈ, ಬಲಗಾಲು ಆಡುವುದಿಲ್ಲ. ಮಾತು ಹೋಗಿದೆ. ಒಳಗಿನ ಕೋಣೆಯ ಮಂಚ ಬಿಟ್ಟು ಏಳುವುದಿಲ್ಲ.

ಇವರ ಅಕ್ಕ ಊರಲ್ಲಿ, ಕಾಪುವಿನ ಹತ್ತಿರ ಇದ್ದರು. ತಾಯಿ ಸತ್ತ ಮೇಲೆ ಇವರನ್ನು ಸೊಂಟದ ಮೇಲೆ ಹೊತ್ತು ಸಾಕಿದವರು ಅವರೇ. ಪ್ರತಿ ಭಾನುವಾರ ನಮ್ಮ ಹಾಲ್‌ನಲ್ಲಿದ್ದ ಕಂಪ್ಯೂಟರಿನಲ್ಲಿ ಮುಖ ತೋರಿಸಿ ಮಾತಾಡುತ್ತಿದ್ದರು. ಮೊಮ್ಮಗಳ ಶಾಲೆಯ ಕ್ಲಾಸಿಗೆಂದು ಹಾಕಿದ ವ್ಯವಸ್ಥೆ ಅದು. ಇಂಟರ್ನೆಟ್ಟಿನ ವೈರು ಬಾಗಿಲ ಪಕ್ಕದ ಡಬ್ಬಿಯಿಂದ ಕಂಪ್ಯೂಟರಿನ ಹಿಂಬದಿಗೆ ಬರುತ್ತಿತ್ತು. ಕೋಣೆಯವರೆಗೆ ಹೋಗುತ್ತಿರಲಿಲ್ಲ. ಫೋನು ಹಿಡಿದರೆ ಇವರ ಪೊರೆ ಬಂದ ಕಣ್ಣಿಗೆ ಏನೂ ಕಾಣುವುದಿಲ್ಲ, ದೂಡಿಬಿಡುತ್ತಾರೆ.

"ಅವನನ್ನು ಒಮ್ಮೆ ತೋರಿಸು ಮಾರಾಯ್ತಿ" ಎಂದು ಅತ್ತಿಗೆ ಪ್ರತಿ ಸಲ ಕೇಳುವರು.

"ವೈರು ಕೋಣೆಗೆ ಮುಟ್ಟುದಿಲ್ಲ ಅತ್ತಿಗೆ."

"ಎಂಥ ವೈರು ಅದು? ದನ ಕಟ್ಟಿದ ಹಗ್ಗವನ್ನಾದರೂ ಬಿಚ್ಚಿ ಬೇರೆ ಕಡೆ ಕಟ್ಟುದುಂಟಲ್ಲ!"

ನಾನು ನಗುತ್ತಿದ್ದೆ. ಆದರೆ ನಿಜ ಬೇರೆಯೇ. ಇವರು ಗೋಡೆ ಹಿಡಿದು ನಡೆಯುತ್ತಾರೆ, ಚೆನ್ನಾಗಿ ಉಣ್ಣುತ್ತಾರೆ ಎಂದು ನಾನು ಅತ್ತಿಗೆಗೆ ಹೇಳುತ್ತಾ ಬಂದಿದ್ದೆ. ಇವರೋ ಎಲುಬಿನ ಗೂಡು. ಬೆನ್ನಿನಲ್ಲಿ ಹುಣ್ಣು. ನೋಡಿದರೆ, ನನ್ನ ತಮ್ಮನನ್ನು ಹೀಗೆ ಇಟ್ಟಿದ್ದೀಯಾ ಎಂದು ಕೇಳಿಯೇ ಕೇಳುತ್ತಾರೆಂದು ನನಗೆ ಹೆದರಿಕೆ, ನಾಚಿಕೆ. ವೈರಿಲ್ಲದೆ ಇಂಟರ್ನೆಟ್ ಹಿಡಿಯುವ ಹೆಬ್ಬೆರಳಷ್ಟು ಸಾಮಾನೊಂದನ್ನು ಮಗ ತಂದು ವರ್ಷವಾಗಿತ್ತು. ಅವನು ಸಿಕ್ಕಿಸಲು ಕೂತಾಗಲೆಲ್ಲ, "ಇವತ್ತು ಬೇಡ, ಅಪ್ಪನ ಮೈ ಒರೆಸಬೇಕು" ಎಂದು ಎಬ್ಬಿಸುತ್ತಿದ್ದೆ. ಕೊನೆಗೆ ಅವನೂ ಸುಮ್ಮನಾದ.

ಆ ದಿನ ಬೆಳಿಗ್ಗೆ ಅತ್ತಿಗೆಯ ಮಗಳು ಶಶಿ ಫೋನು ಮಾಡಿದಳು. ಅತ್ತಿಗೆ ನಿದ್ದೆಯಲ್ಲೇ ಹೋಗಿದ್ದರು. ಊರಿನ ಮೂರು ಗಂಟೆಗೆ, ಎಂದರೆ ಇಲ್ಲಿಯ ಒಂದೂವರೆಗೆ ಶವ ಎತ್ತುವುದೆಂದು ನಿಶ್ಚಯವಾಗಿತ್ತು. "ಮಾಮನಿಗೆ ಮುಖ ಆದರೂ ತೋರಿಸಿ ಮಾಮಿ" ಎಂದು ಅತ್ತಳು.

ಮಗ ಅಬುಧಾಬಿಯಲ್ಲಿ ಕೆಲಸದ ಮೇಲೆ. ಸೊಸೆ ಆಫೀಸಿಗೆ, ಮೊಮ್ಮಗಳು ಶಾಲೆಗೆ. ಎದುರಿನ ಫ್ಲ್ಯಾಟಿನ ಮುಮ್ತಾಜಳ ಬಾಗಿಲು ತಟ್ಟಿದೆ. ಉಪ್ಪಿನಂಗಡಿಯ ಬ್ಯಾರಿಗಳವಳು, ಬರ್ ದುಬೈಯಲ್ಲಿ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸ, ರಂಜಾನಿನಲ್ಲಿ ಸಂಜೆಯ ಪಾಳಿ. ವಿಷಯ ಕೇಳಿದವಳೇ ಚಪ್ಪಲಿ ಕೂಡ ಹಾಕದೆ ಬಂದಳು. ಗಡಿಬಿಡಿಯಲ್ಲಿ "ಚಹಾ ಕುಡಿತೀಯಾ?" ಎಂದು ಕೇಳಿಬಿಟ್ಟೆ.

"ಉಪವಾಸ ಅಲ್ವಾ ಅಮ್ಮ. ನೀವು ಕೂತ್ಕೊಳ್ಳಿ."

"ಮನೆಯ ಫೋನಿಗೆಲ್ಲ ವೈಫೈ ಬರ್ತದೆ, ಇದಕ್ಕೆ ಯಾಕೆ ಇಲ್ಲ?" ಎಂದೆ.

"ಇದು ಹಳೇ ಕಂಪ್ಯೂಟರ್. ಇದಕ್ಕೆ ಕಿವಿಯೇ ಇಲ್ಲ ಅಮ್ಮ. ಈಗ ಇಡುವ." ಮಗ ತಂದಿದ್ದ ಆ ಸಾಮಾನನ್ನು ಹಿಂಬದಿಗೆ ಸಿಕ್ಕಿಸಿದಳು. ಏನೇನೋ ಒತ್ತಿದಳು. "ಅದನ್ನು ನಡೆಸುವ ಸಾಫ್ಟ್‌ವೇರ್ ಇಳಿಯುತ್ತಾ ಉಂಟು. ಅದಾಗುವವರೆಗೆ ಹಳೇ ವೈರು ಇರಲೇಬೇಕು. ನಮಾಜು ಮಾಡಿ ಹತ್ತು ನಿಮಿಷದಲ್ಲಿ ಬರ್ತೇನೆ. ಮುಟ್ಟಬೇಡಿ" ಎಂದು ಹೋದಳು.

ನಾನು ಗಡಿಯಾರ ನೋಡಿದೆ. ಒಂದಕ್ಕೆ ಐದು ನಿಮಿಷ ಇತ್ತು. ಸಾಮಾನು ಸಿಕ್ಕಿಸಿ ಆಗಿದೆಯಲ್ಲ, ಇನ್ನು ವೈರು ಯಾಕೆ ಎಂದುಕೊಂಡೆ. ಕಿತ್ತೆ. ಪರದೆ, ಕಂಪ್ಯೂಟರಿನ ಪೆಟ್ಟಿಗೆ, ಕೀಲಿಮಣೆ ಒಂದೊಂದಾಗಿ ಹೊತ್ತು ಮಂಚದ ಪಕ್ಕ ಇಟ್ಟೆ. ಮೂರು ವರ್ಷ ತಡ ಮಾಡಿದವಳಿಗೆ ಆವತ್ತು ಹತ್ತು ನಿಮಿಷ ಕಾಯಲಾಗಲಿಲ್ಲ.

ಮುಮ್ತಾಜ್ ಬಂದು ನೋಡಿ ಹಣೆ ಹಿಡಿದುಕೊಂಡಳು. "ಅಯ್ಯೋ ಅಮ್ಮ, ಅರ್ಧದಲ್ಲಿ ನಿಂತಿತು!" ಬೈಯಲಿಲ್ಲ. ಇಬ್ಬರೂ ಸೇರಿ ಎಲ್ಲವನ್ನೂ ಪುನಃ ಹಾಲ್‌ಗೆ ಹೊತ್ತೆವು. ವೈರು ಹಾಕಿ ಮೊದಲಿನಿಂದ ಶುರು. ಪರದೆಯ ಹಸಿರು ಗೆರೆ ಆಮೆಯ ಹಾಗೆ ಹೋಗುತ್ತಿತ್ತು. ಶಶಿ ಎರಡು ಸಲ ಫೋನು ಮಾಡಿದಳು. "ಮಾಮಿ, ಹಿರಿಯರು ಅವಸರ ಮಾಡ್ತಿದ್ದಾರೆ."

ಮತ್ತೆ ಕೋಣೆಗೆ ಹೊತ್ತು ತಂದು, ಚಿತ್ರ ಮೂಡುವಾಗ ಒಂದು ನಲವತ್ತು. ಅಂಗಳದಲ್ಲಿ ಚಟ್ಟವನ್ನು ಆಗಲೇ ಹೆಗಲಿಗೆ ಏರಿಸಿದ್ದರು.

"ನಿಲ್ಲಿ! ದುಬೈ ಮಾಮ ಬಂದಿದ್ದಾರೆ, ಒಮ್ಮೆ ಇಳಿಸಿ!" ಶಶಿ ಕೂಗಿದ್ದು ನಮ್ಮ ಕೋಣೆಯಲ್ಲೂ ಕೇಳಿತು.

"ಎತ್ತಿದ್ದನ್ನು ಇಳಿಸುವ ಕ್ರಮ ಇಲ್ಲ ಮಗಾ" ಎಂದಿತು ಒಂದು ಮುದಿ ಗಂಟಲು. ಆದರೂ ಹೊತ್ತವರು ನಡಿಗೆ ನಿಧಾನ ಮಾಡಿದರು. ಶಶಿ ಕೈ ಎತ್ತಿ, ಫೋನನ್ನು ಅತ್ತಿಗೆಯ ಮುಖದ ಹತ್ತಿರ ಹಿಡಿದು ಜೊತೆಗೇ ನಡೆದಳು. ಕುಂಕುಮ ಇಟ್ಟ ಅತ್ತಿಗೆಯ ಮುಖ ಪರದೆ ತುಂಬಾ ಬಂತು. ಅಲ್ಲಾಡುತ್ತಾ ಬಂತು.

ಇವರು ನೋಡಿದರು. ಗುರುತು ಸಿಕ್ಕಿತು. ಮೂರು ವರ್ಷದಲ್ಲಿ ನಾನು ಕಾಣದ ನಗು ಎಡಗಡೆಯ ತುಟಿಯಲ್ಲಿ ಕಂಡಿತು. ಆಮೇಲೆ ಎಡಗೈಯಿಂದ ಹೊದಿಕೆ ಸರಿಸಿ, ಮಂಚದ ಅಂಚನ್ನು ಮೆಲ್ಲ ತಟ್ಟಿದರು. ಒಮ್ಮೆ, ಇನ್ನೊಮ್ಮೆ. ಅಕ್ಕ ಬರುತ್ತಿದ್ದಾಳೆ ಎಂದು ಕೂರಲು ಜಾಗ ಮಾಡಿದ್ದು.

ಮುಮ್ತಾಜ್ ಶಾಲಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋದಳು. ಪರದೆಯಲ್ಲಿ ಬೇಲಿ, ಆಕಾಶ, ಯಾರದೋ ಕಾಲು ಕಂಡು ಚಿತ್ರ ನಿಂತಿತು.

ನನಗೆ ಸುತ್ತಿ ಬಳಸಿ ಹೇಳಲು ಬರುವುದಿಲ್ಲ. "ನಿಮ್ಮ ಅಕ್ಕ ಬರುವುದಿಲ್ಲ. ತೀರಿಹೋದರು. ಈಗ ಎತ್ತಿಕೊಂಡು ಹೋದರು" ಎಂದೆ. ನಗು ಹೋಯಿತು. ಕೈ ಮಾತ್ರ ಆ ಜಾಗದಿಂದ ಸರಿಯಲಿಲ್ಲ. ಸಂಜೆಯವರೆಗೂ ಅಲ್ಲೇ ಇಟ್ಟುಕೊಂಡಿದ್ದರು. ಅಲ್ಲಿ ಕೂರಲು ನನಗೆ ಧೈರ್ಯ ಸಾಲದೆ ನಿಂತುಕೊಂಡೇ ಗಂಜಿ ತಿನ್ನಿಸಿದೆ.

ಬದುಕಿರುವಾಗ ತೋರಿಸಿದ್ದರೆ ಅತ್ತಿಗೆ ನನಗೆ ಬೈಯುತ್ತಿದ್ದರೇನೋ. ಇಬ್ಬರೂ ಅಳುತ್ತಿದ್ದರು. ಅಷ್ಟೇ ಅಲ್ಲವೇ? ಬೈಗುಳ ಕೇಳಿ ಯಾರೂ ಸಾಯುವುದಿಲ್ಲ. ಅಷ್ಟನ್ನು ಕೇಳಿಸಿಕೊಳ್ಳಲಾರದೆ ಅಕ್ಕ ತಮ್ಮ ಇಬ್ಬರಿಗೂ ನಾನು ಅಡ್ಡ ನಿಂತೆ. ಇದನ್ನು ಮಗನಿಗೂ ಇನ್ನೂ ಹೇಳಿಲ್ಲ. ಓದಿ ತಿಳಿದುಕೊಳ್ಳಲಿ.