ಮಟ್ಟದ ಖಾನೆಯ ಗೀಟು

"ಇದು ಆಗೂ ಮಾತಲ್ಲ" ಎಂದವನು ನನ್ನ ಸೋದರಮಾವ, ಮುದನಾಳದವನು, ಅವ್ವನ ಅಣ್ಣ. ಕೆಟ್ಟವನಲ್ಲ. ನಮ್ಮ ಎರಡೂ ಮನೆತನಗಳಲ್ಲಿ ಹತ್ತನೆಯ ತರಗತಿ ದಾಟಿದವರು ಯಾರೂ ಇರಲಿಲ್ಲ. ಕಂಡದ್ದನ್ನು ಹೇಳಿದ, ಅಷ್ಟೆ. ನಾನು ಡಿಗ್ರಿ ಮುಗಿಸುವುದು ಅವನ ಲೆಕ್ಕದಲ್ಲಿ ಇಲ್ಲದ ಸಂಗತಿ. ಆ ಮಾತನ್ನು ನಾನು ಬಹಳ ವರ್ಷ ನುಂಗದೆ ಉಗುಳದೆ ಇಟ್ಟುಕೊಂಡಿದ್ದೆ.

ಹೋದ ತಿಂಗಳು ಪದವಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ಹಳೆಯ ಅಂಕಪಟ್ಟಿ ಬೇಕಾಯಿತು. ಯಾದಗಿರಿಯ ಬಾಡಿಗೆ ಮನೆಯಲ್ಲಿ ಟ್ರಂಕು ತೆಗೆದೆ. ಅಂಕಪಟ್ಟಿಗಿಂತ ಮೊದಲು ಕೈಗೆ ಬಂದದ್ದು ಕೆಂಪು ಬಟ್ಟೆಯ ಬೆನ್ನಿನ ಒಂದು ಉದ್ದ ನೋಟ್‌ಬುಕ್ಕು. ತೆರೆದರೆ ಅದೇ ವಾಸನೆ... ಪಾಚಿ, ಹಸಿ ಮಣ್ಣು, ಒಂಚೂರು ತಂಬಾಕು. ಕಾಲುವೆ ದಂಡೆಯ ವಾಸನೆ, ಗೇಜ್ ಕಾಕಾರ ವಾಸನೆ.

ನಾರಾಯಣಪುರದಲ್ಲಿ ನೀರಾವರಿ ಕ್ವಾರ್ಟರ್ಸಿನ ಹಿಂದೆ ನಮ್ಮ ಮನೆಯಿತ್ತು. ಅಪ್ಪ ತೀರಿಹೋಗಿದ್ದ, ಅವ್ವ ಕಳೆ ತೆಗೆಯಲು ಮಂದಿಯ ಹೊಲಕ್ಕೆ ಹೋಗುತ್ತಿದ್ದಳು. ಕೊನೆಯ ಕ್ವಾರ್ಟರ್ಸಿನಲ್ಲಿ ಇದ್ದವರು ಈ ಕಾಕಾ. ಕಾಲುವೆಯ ಗೋಡೆಗೆ ಜಡಿದ ಗೇಜು, ಎಂದರೆ ಬಿಳಿಯ ಮೇಲೆ ಕರಿ ಗೆರೆ ಎಳೆದ ಅಳತೆಯ ಪಟ್ಟಿ, ಅದನ್ನು ನೋಡಿ ನೀರಿನ ಮಟ್ಟ ಬರೆದಿಡುವುದು ಅವರ ನೌಕರಿ. ಬೇರೆಯವರು ದಂಡೆಯ ಮೇಲಿಂದಲೇ ಇಣುಕಿ ಬರೆಯಬಹುದಿತ್ತು. ಕಾಕಾ ಮೆಟ್ಟಿಲಿಳಿದು, ನೀರಿನ ಸಮಕ್ಕೆ ಕುಕ್ಕರಗಾಲಲ್ಲಿ ಕೂತು, ಅಲೆ ತಣ್ಣಗಾಗುವವರೆಗೆ ಕಾದು ಓದುತ್ತಿದ್ದರು. ಆಫೀಸಿನ ರಿಜಿಸ್ಟರಿನಲ್ಲಿ ಬರೆದದ್ದರ ನಕಲು ತಮ್ಮದೇ ನೋಟ್‌ಬುಕ್ಕಿನಲ್ಲೂ ಇರುತ್ತಿತ್ತು.

ನಾನು ಸುರಪುರದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಾ ಬಿಸಿಎ ಓದುತ್ತಿದ್ದೆ. ಕೊನೆಯ ವರ್ಷ ಪ್ರಾಜೆಕ್ಟಿಗೆ ಆ ನೋಟ್‌ಬುಕ್ಕು ಕೇಳಿದೆ, ಕೊಟ್ಟರು. ಎರಡು ವರ್ಷದ ಅಂಕಿಗಳನ್ನು ಟೈಪ್ ಮಾಡಿ, ನೀರಿನ ಮಟ್ಟ ತೋರಿಸುವ ಒಂದು ಪ್ರೋಗ್ರಾಂ ಬರೆದೆ. ದಿನದ ಪಟ್ಟಿಗೆ ಒಂದು ಪರದೆ, ತಿಂಗಳ ವರದಿಗೆ ಒಂದು, ಪ್ರಿಂಟಿಗೆ ಒಂದು. ಏನೋ ದೊಡ್ಡದನ್ನು ಮಾಡಿದ್ದೇನೆ ಎಂಬ ಹಮ್ಮಿತ್ತು. ಕಾಕಾರಿಗೆ ಒಮ್ಮೆ ತೋರಿಸಬೇಕು ಎಂದು ಮಾತ್ರ ಹೊಳೆಯಲಿಲ್ಲ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಮೇಷ್ಟರು ಒಂದೇ ದಿನದ ಮಟ್ಟವನ್ನು ಮೂರೂ ಕಡೆ ತೆಗೆಸಿದರು. ಒಂದರಲ್ಲಿ 1.5, ಇನ್ನೊಂದರಲ್ಲಿ 1.50, ಪ್ರಿಂಟಿನಲ್ಲಿ 1.500. "ಇದರಲ್ಲಿ ಅಳೆದದ್ದು ಯಾವುದಮ್ಮ?" ಎಂದರು. ಅಂಕಿ ಹೆಚ್ಚಿದ್ದ ಪ್ರಿಂಟಿನ ಮೇಲೆ ಬೆರಳಿಟ್ಟೆ. ಮೂರೂ ಕಡೆ ಬೇರೆ ಬೇರೆ ಯಾಕೆ ಎಂದರೆ, ಕಂಪ್ಯೂಟರೇ ಹಾಗೆ ತೋರಿಸಿತು ಎಂದೆ. ಪ್ರಾಜೆಕ್ಟಿನಲ್ಲಿ ಫೇಲಾದೆ.

ಆ ವಾರವೇ ಮಾವ ತೊಗರಿಬೇಳೆ ಹೊತ್ತುಕೊಂಡು ಬಂದ. ಅಂಗಳದಲ್ಲಿ ಕೂತು ಸುದ್ದಿ ಕೇಳಿದ.

"ನಾ ಅಂದಿದ್ದಿಲ್ಲಾ? ಇದು ಆಗೂ ಮಾತಲ್ಲ. ಸಾಕ್ ಮಾಡ್ರಿ. ಮುದನಾಳಕ್ಕ ಕಳಸು, ಈಕೀನ ಕೊಡಾಕ ಒಂದು ಮನಿ ನೋಡೀನಿ."

ಅವ್ವ ಬೇಳೆಯ ಚೀಲ ಒಳಗಿಟ್ಟು ಬಂದಳು. "ಇನ್ನೊಂದು ಸಲ ಕೂಡ್ಲಿ ಅಣ್ಣ. ಒಂದ ಸಲ. ಮುಂದ ನೀ ಹೇಳಿದಂಗ" ಎಂದಳು. ನನ್ನ ಪಾಲಿಗೆ ಉಳಿದದ್ದು ಆ ಒಂದು ಸಲ.

ಕಾಕಾ ನಳದಲ್ಲಿ ಕೊಡ ತುಂಬುತ್ತಿದ್ದರು. ಮಾವ ಅವರನ್ನೂ ಬಿಡಲಿಲ್ಲ. "ನೀರು ಓದೋರು ನೀವು. ಈಕೀ ಹಣೆಬರಾನೂ ಒಂಚೂರು ಓದಿ ಹೇಳ್ರಲಾ."

"ಓದಬೇಕಂದ್ರ ಅಲ್ಲಿತನ ಇಳೀಬೇಕ್ರಿ" ಎಂದರು ಕಾಕಾ, ಕೊಡ ಎತ್ತುತ್ತಾ. "ದೂರ ನಿಂತು ನಾ ಎಂದೂ ಓದಿಲ್ಲ."

ಮರುದಿನ ಅವರೇ ಕರೆದು, "ನನ್ನ ನೀರು ಏನ್ ಮಾಡೀದಿ, ತೋರಸು" ಎಂದರು. ಪ್ರಿಂಟು ಕೊಟ್ಟೆ. ಕನ್ನಡಕ ಏರಿಸಿ ಬೆರಳಿಟ್ಟುಕೊಂಡು ಸಾಲು ಸಾಲಾಗಿ ಇಳಿದರು. ಚುಕ್ಕೆಯ ಮುಂದೆ ಮೂರು ಅಂಕಿ ಕಂಡಲ್ಲೆಲ್ಲ ತಲೆಯಾಡಿಸಿದರು.

"ಪಟ್ಟಿ ಮ್ಯಾಲ ಸೆಂಟಿಮೀಟರ್ ತನ ಗೆರಿ ಅವ. ಪಾಯಿಂಟಿನ ಮುಂದ ಎರಡ ಅಂಕಿ. ಮೂರನೇದು ಎಲ್ಲಿಂದ ತಂದಿ? ನಾ ಕಂಡಿಲ್ಲದ್ದು ಅದು."

"ಒಂದು ಪರದ್ಯಾಗ ಬರೇ 1.5 ಅಂತ ಬಂದದ ಕಾಕಾ."

"ಹಂಗ ಬರದ್ರ ಅಂದಾಜು ಅಂತಾರ. ಕಡೀ ಸೊನ್ನಿ ನಾ ಕೆಳಗಿಳಿದು ನೋಡಿದ್ದು, ಯವ್ವ."

ಮುಂದೆ ಒಂದು ಸಾಲಿನಲ್ಲಿ ಬೆರಳು ನಿಂತಿತು. ಅಲ್ಲಿ 0.000 ಎಂದಿತ್ತು.

"ಇದು ತಪ್ಪು."

"ನಿಮ್ಮ ಪುಸ್ತಕದಾಗ ಅವತ್ತು ಬರೇ ಗೀಟ ಇತ್ತು ಕಾಕಾ. ಅಂಕಿ ಇದ್ದಿಲ್ಲ. ಅದಕ್ಕ ಸೊನ್ನಿ ಬಂದದ."

"ಅವತ್ತು ಕಾಲುವ್ಯಾಗ ನೀರಿತ್ತು. ನಾ ಇದ್ದಿಲ್ಲ."

ಅಷ್ಟು ಹೇಳಿ ಎದ್ದು ಹೋದರು. ರಾತ್ರಿ ಊಟಕ್ಕೆ ಕೂತಾಗ ಅವ್ವ ಉಳಿದದ್ದನ್ನು ಹೇಳಿದಳು. ಅದು ಕಾಕಾರ ಹೆಂಡತಿ ಕಲಬುರಗಿಯ ಆಸ್ಪತ್ರೆಯಲ್ಲಿ ತೀರಿಕೊಂಡ ದಿನ. ಹಿಂದಿನ ದಿನದ ಅಂಕಿಯನ್ನೇ ಬರೆದುಬಿಡು, ಯಾರು ಕೇಳುತ್ತಾರೆ ಎಂದು ಜೊತೆಯವರು ಹೇಳಿದ್ದರಂತೆ. ಇವರು ಕೇಳದೆ ಗೀಟು ಎಳೆದರಂತೆ. ಆ ನೋಟ್‌ಬುಕ್ಕಿನಲ್ಲಿ ಬೇರೆ ಯಾವ ದಿನದ ಎದುರೂ ಗೀಟಿಲ್ಲ. ನಾನೇ ಟೈಪ್ ಮಾಡಿದವಳು, ನನಗೆ ಗೊತ್ತು. ಆ ಗೀಟನ್ನು ಬತ್ತಿದ ಕಾಲುವೆ ಮಾಡಿಟ್ಟವಳೂ ನಾನೇ.

ಕಂಪ್ಯೂಟರಿನ ಒಳಗೆ ಒಂದೂವರೆ ಎಂದರೆ ಒಂದೂವರೆ, ಅಷ್ಟೆ. ಕೊನೆಯ ಸೊನ್ನೆ ಅದಕ್ಕೆ ಲೆಕ್ಕಕ್ಕಿಲ್ಲ. ಹೇಗೆ ತೋರಿಸಬೇಕು ಎಂಬುದನ್ನು ನಾವೇ ಹೇಳಿಕೊಡಬೇಕು. ನಾನು ಒಂದೊಂದು ಪರದೆಗೂ ಬೇರೆ ಬೇರೆಯಾಗಿ ಹೇಳಿದ್ದೆ. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಮರೆಯುತ್ತಿತ್ತು. ಒಂದು ವಾರ ಅದೇ ಹೆಣಗಾಟ. ಕೊನೆಗೆ ಮತ್ತೆ ನೋಟ್‌ಬುಕ್ಕು ಹಿಡಿದು ಕಾಕಾರ ಕಟ್ಟೆಗೆ ಹೋದೆ. ದಿನಾ ಬರೆಯುವಾಗ ನಿಮಗೆ ಹೇಗೆ ತಪ್ಪುವುದಿಲ್ಲ ಎಂದು ಕೇಳಿದೆ.

ಅವರು ಖಾನೆಯ ತಲೆ ತೋರಿಸಿದರು. ಅಲ್ಲಿ ಕೆಂಪು ಶಾಯಿಯಲ್ಲಿ "ಮಟ್ಟ, ಮೀ." ಎಂದಿತ್ತು. ಅದರ ಕೆಳಗೆ ಒಂದು ಚುಕ್ಕೆ, ಚುಕ್ಕೆಯ ಮುಂದೆ ಎರಡು ಸಣ್ಣ ಚೌಕ, ಪಕ್ಕದಲ್ಲಿ, ಓದದ ದಿನಕ್ಕೆಂದು, ಒಂದು ಗೀಟು. ಅಷ್ಟು ಪುಟ ಟೈಪ್ ಮಾಡಿದ್ದೆ, ತಲೆಯ ಕಡೆ ನೋಡಿರಲೇ ಇಲ್ಲ.

"ಮಟ್ಟ ಅಂದ್ರ ಹಿಂಗ ಅಂತ ತಲೀಮ್ಯಾಲ ಒಮ್ಮೆ ಹಾಕೀನಿ. ದಿನಾ ಏನ್ ವಿಚಾರ ಮಾಡೂದು?"

ಮರುದಿನ ಲ್ಯಾಬಿನಲ್ಲಿ ಮೂರೂ ಪರದೆಗಳಿಂದ ಆ ಸೂಚನೆಗಳನ್ನು ಕಿತ್ತುಹಾಕಿದೆ. "ಮಟ್ಟ" ಎಂದೇ ಒಂದು ಡೇಟಾ ಟೈಪ್, ಎಂದರೆ ಅಂಕಿಗಳದೇ ಒಂದು ಹೊಸ ಜಾತಿ, ಮಾಡಿ ತೋರಿಸುವ ರೀತಿಯನ್ನು ಅದಕ್ಕೇ ಕಟ್ಟಿದೆ. ಚುಕ್ಕೆಯ ಮುಂದೆ ಎರಡು ಅಂಕಿ, ಕೊನೆಗೆ ಮೀ., ಓದಿದ ಅಂಕಿ ಇಲ್ಲದಿದ್ದರೆ ಗೀಟು. ಆಮೇಲೆ ಮಟ್ಟ ಯಾವ ಪರದೆಗೆ ಹೋದರೂ ತನ್ನ ರೂಪ ತಾನೇ ಹೊತ್ತುಕೊಂಡು ಹೋಯಿತು.

ಎರಡನೆಯ ಸಲವೂ ಅದೇ ಮೇಷ್ಟರು. ಮೂರೂ ಕಡೆ ನೋಡಿದರು. ಗೀಟಿನ ಹತ್ತಿರ ಬಂದು, "ಇಲ್ಲಿ ಸೊನ್ನೆ ಯಾಕಿಲ್ಲ?" ಎಂದರು.

"ಅವತ್ತು ನೀರಿತ್ತು ಸರ್. ಓದುವವರು ಇರಲಿಲ್ಲ."

ಅವರು ನನ್ನ ಮುಖ ನೋಡಿದರು. ಮೀಟರಿನ ಬದಲು ಸೆಂಟಿಮೀಟರಿನಲ್ಲಿ ತೋರಿಸು ಎಂದರು. ಆ ಡೇಟಾ ಟೈಪಿನಲ್ಲಿ ಒಂದೇ ಕಡೆ ತಿದ್ದಿದೆ; ಮೂರೂ ಪರದೆ ಒಟ್ಟಿಗೆ ಬದಲಾದವು. ಗೀಟು ಮಾತ್ರ ಗೀಟಾಗಿಯೇ ಉಳಿಯಿತು. ಪಾಸಾದೆ.

ಹೊಸ ಪ್ರಿಂಟು ಒಯ್ದು ಕಾಕಾರಿಗೆ ಕೊಟ್ಟೆ. ಅವರು ಬೇರೆ ಯಾವ ಸಾಲೂ ನೋಡಲಿಲ್ಲ. ನೆಟ್ಟಗೆ ಆ ದಿನ ಹುಡುಕಿ, ಗೀಟಿನ ಮೇಲೆ ಬೆರಳಿಟ್ಟರು.

"ಬರೋಬ್ಬರಿ" ಎಂದರು.

ಮುಂದಿನ ವರ್ಷ ರಿಟೈರಾಗಿ ಗೋಗಿಯ ಕಡೆ ತಮ್ಮ ಊರಿಗೆ ಹೋದರು. ಹೋಗುವಾಗ ನೋಟ್‌ಬುಕ್ಕು ನನ್ನ ಕೈಗಿಟ್ಟರು. ನಾನು ಯಾದಗಿರಿಯಲ್ಲಿ ಕೆಲಸ ಹಿಡಿದೆ. ಶಹಾಪುರ ದಾಟಿದರೆ ಗೋಗಿ, ಹೋಗಬಹುದಿತ್ತು. ಪ್ರಮಾಣಪತ್ರ ಕೈಗೆ ಬರಲಿ, ತೆಗೆದುಕೊಂಡೇ ಹೋಗೋಣ ಎಂದು, ಅರ್ಜಿಯನ್ನೂ ಹಾಕದೆ ವರ್ಷ ಕಳೆದೆ. ಎರಡು ವರ್ಷದ ಹಿಂದೆ ಅವರು ತೀರಿದ ಸುದ್ದಿ ಬಂತು, ಅದೂ ಮಣ್ಣು ಮುಗಿದ ಮೇಲೆ. ಈಗ ಆ ಕಾಲುವೆಯ ಮೇಲೊಂದು ಯಂತ್ರ ಕೂತಿದೆಯಂತೆ, ಮಟ್ಟ ತಾನೇ ಬರೆದುಕೊಳ್ಳುತ್ತದಂತೆ. ಕೆಳಗಿನ ಮೆಟ್ಟಿಲಿಗೆ ಯಾರೂ ಇಳಿಯುವುದಿಲ್ಲ.

ಮೊನ್ನೆ ಭಾನುವಾರ ಪ್ರಮಾಣಪತ್ರ ಹಿಡಿದು ಅವ್ವನ ಜೊತೆ ಮುದನಾಳಕ್ಕೆ ಹೋದೆ. ಕಾಕಾರ ಗೀಟಿನ ಕತೆಯನ್ನು ಅವ್ವ ಮಾವನಿಗೆ ಎಂದೋ ಹೇಳಿದ್ದಳು. ಅವನ ಮುಂದೆ ಹಿಡಿದೆ. ಅವನು ಎದ್ದು ಹೋಗಿ ಕೈ ತೊಳೆದು, ಟವೆಲ್ಲಿಗೆ ಒರೆಸಿಕೊಂಡು ಬಂದು, ಎರಡೂ ಕೈಯಲ್ಲಿ ತೆಗೆದುಕೊಂಡ. ಅಕ್ಷರ ಕೂಡಿಸಿ ನನ್ನ ಹೆಸರು ಓದಿದ. ಹಿಂದೆ ತಿರುವಿ ನೋಡಿದ.

"ಇದರಾಗ ಆ ಗೇಜಿನವ್ರ ಹೆಸರು ಎಲ್ಲಿ ಹಾಕ್ಯಾರ?"

"ಹಾಕಂಗಿಲ್ಲ ಮಾವ."

ಅವನು ಹಾಳೆಯನ್ನು ಅವ್ವನ ಕೈಗೆ ಕೊಟ್ಟ. ಆಮೇಲೆ ನನ್ನ ಕಡೆ ನೋಡದೆ ಹೇಳಿದ: "ಅವರು ಖರೆ ಓದಿದ್ರು ಬಿಡವ್ವ. ನಾನ ದೂರ ನಿಂತಿದ್ದೆ."