ಕಪಾಟಣ್ಣ ಮ್ಯಾರಥಾನ್ ಓಡಿದ್ದು

ಕಪಾಟಣ್ಣನ ಮುತ್ತಾತ ಬ್ಯಾಂಕಿನ ಕಬ್ಬಿಣದ ತಿಜೋರಿಯನ್ನು ಬೆನ್ನಿಗೆ ಹಾಕಿಕೊಂಡು, ಕಡಿದಾದ ಮೆಟ್ಟಿಲು ಹತ್ತಿ, ಮ್ಯಾನೇಜರ ಮೇಜಿನ ಪಕ್ಕ ಇಳಿಸಿ, "ನಿಮ್ಮ ಕುರ್ಚಿ ಎಲ್ಲಿಡ್ಲಿ? ನೀವು ಏಳೋದು ಬೇಡ, ಕೂತೇ ಇರಿ" ಅಂದವನು. ತಾತ, ಬೆಂಕಿ ಬಿದ್ದ ಮನೆಯಿಂದ ಲಕ್ವ ಹೊಡೆದ ಮುದುಕಿಯೊಬ್ಬಳನ್ನು ಮಂಚದ ಸಮೇತ ಕೆಳಗಿಳಿಸಿದವನು. ಮಂಚ ಯಾಕೋ ತಂದೆ ಅಂತ ಕೇಳಿದವರಿಗೆ, "ನಿದ್ದೆಯಿಂದ ಎಬ್ಬಿಸಿದ್ರೆ ಬೈತಿದ್ಲು" ಅಂದನಂತೆ. ಅಪ್ಪನೋ, ಕನ್ನಡಿ ಹೊರುವುದರಲ್ಲಿ ಎತ್ತಿದ ಕೈ. ಆಳೆತ್ತರದ ಕನ್ನಡಿಯನ್ನು ಊರಿನ ಈ ತುದಿಯಿಂದ ಆ ತುದಿಗೆ ಸಾಗಿಸಿದರೂ ಒಂದು ಗೀರು ಬೀಳುತ್ತಿರಲಿಲ್ಲ. ಅಂಥ ಬೆನ್ನುಗಳ ವಂಶ ಅದು.

ಇವನ ಕಸುಬೂ ಅದೇ, ಮನೆ ಬದಲಾಯಿಸುವವರ ಸಾಮಾನು ಹೊರುವುದು. ದೊಡ್ಡ ಕಪಾಟನ್ನು ಒಬ್ಬನೇ ಹೊರುತ್ತಾನೆಂದು ನಮ್ಮ ಬೀದಿಯವರು ಇಟ್ಟ ಹೆಸರು ಕಪಾಟಣ್ಣ. ಈಗ ಸ್ವಂತ ಹೆಸರು ಹಿಡಿದು ಕರೆದರೆ ಅವನು ತಿರುಗಿಯೂ ನೋಡುವುದಿಲ್ಲ.

ಈ ಕಸುಬಿನವರ ನಡಿಗೆಯೇ ಬೇರೆ. ಮಂಡಿ ತುಸು ಬಗ್ಗಿರುತ್ತದೆ, ಪಾದ ನೆಲ ಬಿಟ್ಟು ಹೆಚ್ಚು ಏಳುವುದಿಲ್ಲ, ಹೆಜ್ಜೆ ಗಿಡ್ಡ. ಎಷ್ಟು ಬೇಗ ಹೋಗಬೇಕು, ಎಷ್ಟು ಉಸಿರು ಉಳಿಸಿಕೊಳ್ಳಬೇಕು ಅನ್ನುವುದನ್ನು ಕಾಲಿಗೆ ಹೇಳಿಕೊಡುವುದು ಬೆನ್ನ ಮೇಲಿನ ಹೊರೆ. ಹೊರೆ ಇಳಿದ ಮೇಲೆ ಮನೆಗೆ ಹೋಗಿ ಬೀಳುವುದಷ್ಟೇ. ಖಾಲಿ ಬೆನ್ನಿನಲ್ಲಿ ದೂರ ಹೋದ ಅಭ್ಯಾಸ ಇವರಲ್ಲಿ ಯಾರಿಗೂ ಇಲ್ಲ.

ಕಪಾಟಣ್ಣನ ಅತ್ತೆ ಕ್ಯಾನ್ಸರಿನಲ್ಲಿ ಹೋದಳು. ಅದೇ ಕ್ಯಾನ್ಸರು ಹೆಂಡತಿಯನ್ನೂ ತಿಂದಿತು. ಆಸ್ಪತ್ರೆಯ ಲಿಫ್ಟ್ ಕೆಟ್ಟಿದ್ದ ದಿನ ಅವಳನ್ನು ಬೆನ್ನ ಮೇಲೆ ಹೊತ್ತು ಇಳಿಸುತ್ತಾ, "ಏನೇ ಇದು, ದಿಂಬು ಹೊತ್ತ ಹಾಗಿದೆ" ಎಂದು ನಗಿಸಲು ಹೋಗಿ, ಉಳಿದ ಮೆಟ್ಟಿಲುಗಳನ್ನು ಎಣಿಸುತ್ತಾ ಇಳಿದ. ಅವಳು ಹೋದ ಮೇಲೆ ಮನೆಯಲ್ಲಿ ಉಳಿದವರು ಅವನು, ಹೊಲಿಗೆ ಕಾರ್ಖಾನೆಗೆ ಹೋಗುವ ಮಗಳು, ಇಬ್ಬರೇ. ಒಂದು ಭಾನುವಾರ ಮಗಳು ಬಟ್ಟೆ ಒಣಹಾಕುತ್ತಾ ಅಂದಳು:

"ಅಪ್ಪ, ಅಜ್ಜಿಗೆ ಬಂತು, ಅಮ್ಮಂಗೆ ಬಂತು. ಮುಂದಿನ ಪಾಳಿ ನಂದೇ ಇರ್ಬೇಕು."

ಅಳಲಿಲ್ಲ. ಬಟ್ಟೆಗೆ ಕ್ಲಿಪ್ಪು ಹಾಕುತ್ತಲೇ ಇದ್ದಳು. ಕಪಾಟಣ್ಣ ಮಾರನೆಯ ದಿನವೇ ಹೆಂಡತಿಯನ್ನು ನೋಡಿದ್ದ ಡಾಕ್ಟರ ಮುಂದೆ ಹೋಗಿ ನಿಂತ.

"ಇದಕ್ಕೆ ಸರಿಯಾದ ಔಷಧಿ ಇಲ್ವಾ ಸಾರ್?"

"ಹುಡುಕ್ತಾ ಇದ್ದಾರೆ."

"ಸ್ವಲ್ಪ ಬೇಗ ಹುಡುಕೋಕೆ ಹೇಳಿ."

ಡಾಕ್ಟರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಅವರೂ ದಣಿದಿದ್ದರು. "ಸಂಶೋಧನೆಗೆ ದುಡ್ಡು ಬೇಕಪ್ಪ. ಅದಕ್ಕೇ ಮ್ಯಾರಥಾನ್ ಇಟ್ಟಿದ್ದಾರೆ. ಓಡೋರ ಹೆಸರಲ್ಲಿ ಪರಿಚಯದವರು ದುಡ್ಡು ಕೊಡ್ತಾರೆ" ಎಂದು ಗೋಡೆಯ ಮೇಲಿನ ಓಟದ ಪೋಸ್ಟರ್ ತೋರಿಸಿದರು.

ಅವನಿಗೆ ದಿನಾ ಕೆಲಸ ಕೊಡುವ ಪೀಠೋಪಕರಣದ ಅಂಗಡಿಯ ಯಜಮಾನರು, ಅವನು ಓಟಕ್ಕೆ ಹೆಸರು ಬರೆಸಿದ ಸುದ್ದಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನೀನು ಓಡೋದಾ? ಗುರಿ ಮುಟ್ಟು ನೋಡೋಣ, ಬೀದಿಯ ಅಂಗಡಿಯವರೆಲ್ಲ ಸೇರಿ ಕೈ ತುಂಬ ಕೊಡ್ತೀವಿ. ಅರ್ಧಕ್ಕೆ ಕೂತ್ರೆ ಮಾತ್ರ ಬಿಡಿಗಾಸೂ ಇಲ್ಲ."

"ಅರ್ಧ ದಾರೀಲಿ ಸಾಮಾನು ಇಳಿಸಿ ಬಂದದ್ದು ಯಾವಾಗ ನೋಡಿದ್ರಿ ಯಜಮಾನ್ರೇ?"

ಅಂದಿನಿಂದ ಕೆಲಸದ ನಡುವೆಯೇ ಅಭ್ಯಾಸ. ಲಾರಿಯಲ್ಲಿ ಹಿಡಿಸದೆ ಉಳಿದ ಹಾಸಿಗೆಯನ್ನೋ ಮಡಚುವ ಕುರ್ಚಿಗಳನ್ನೋ ಬೆನ್ನಿಗೆ ಬಿಗಿದುಕೊಂಡು ಹಳೇ ಮನೆಯಿಂದ ಹೊಸ ಮನೆಗೆ ಓಡುತ್ತಿದ್ದ. ಜೊತೆಯವರು ಲಾರಿಯಿಂದ, "ಅಣ್ಣ, ಹಾಸಿಗೆ ಹಾಸ್ಕೊಂಡು ಬಿಡು, ವಾಪಸ್ ಬರೋವಾಗ ಎಬ್ಬಿಸ್ತೀವಿ" ಎಂದು ಕಾಲೆಳೆಯುತ್ತಿದ್ದರು. ಹೊರೆ ಹೊತ್ತೇ ಇಷ್ಟು ಓಡುವವನಿಗೆ ಖಾಲಿ ಬೆನ್ನಿನಲ್ಲಿ ಕೇಳಬೇಕೆ ಎಂದು ನಾವೂ ಹುಮ್ಮಸ್ಸು ತುಂಬಿದೆವು. ಖಾಲಿ ಬೆನ್ನಿನಲ್ಲಿ ಒಮ್ಮೆ ಓಡಿ ನೋಡಬೇಕೆಂದು ಅವನಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ.

ಓಟದ ದಿನ ಅದೇ ಅವನಿಗೆ ಮುಳುವಾಯಿತು. ಬೆನ್ನ ಮೇಲೆ ಏನೂ ಇಲ್ಲದ್ದರಿಂದ ಕಾಲುಗಳು ಹಗ್ಗ ಬಿಚ್ಚಿದ ಕರುವಿನಂತೆ ಹಾರಿದವು. ಹದಿಹರೆಯದವರನ್ನೆಲ್ಲ ಹಿಂದೆ ಹಾಕಿದ. ನಿಧಾನ ಅನ್ನುವವರು ಯಾರೂ ಇರಲಿಲ್ಲ. ಅರ್ಧ ದಾರಿಗೆ ಬರುವಷ್ಟರಲ್ಲಿ ತೊಡೆ ಹಗ್ಗದಂತೆ ಹೊಸೆದುಕೊಂಡಿತು, ಕುಡಿದ ನೀರೆಲ್ಲ ಕಕ್ಕಿದ. ಹಿಂದೆ ಹಾಕಿದವರೆಲ್ಲ ಒಬ್ಬೊಬ್ಬರಾಗಿ ದಾಟಿ ಹೋದರು. ಕೊನೆಗೆ ಸೋತವರನ್ನು ಹತ್ತಿಸಿಕೊಳ್ಳುವ ಬಸ್ಸೂ ಬಂದು ಪಕ್ಕದಲ್ಲಿ ತೆವಳತೊಡಗಿತು.

"ಹತ್ತಿ ಹಿರಿಯರೇ, ಸೀಟು ಮೆತ್ತಗಿದೆ" ಎಂದ ಡ್ರೈವರ್.

"ಅದಕ್ಕೇ ಹತ್ತಲ್ಲ. ಕೂತ್ರೆ ಏಳೋನಲ್ಲ ನಾನು."

ಕಾಲೆಳೆದುಕೊಂಡು ನೀರು ಕೊಡುವ ಡೇರೆ ಮುಟ್ಟಿದ. ಅಲ್ಲಿದ್ದ ನರ್ಸಮ್ಮ ಕುರ್ಚಿ ತಂದಳು. ಅವನು ಕುರ್ಚಿ ಬಿಟ್ಟು, ಡೇರೆ ಹಾರದಂತೆ ಹಗ್ಗದಲ್ಲಿ ಕಟ್ಟಿದ್ದ ಮರಳು ಚೀಲಗಳನ್ನೇ ನೋಡುತ್ತಿದ್ದ.

"ಅದರಲ್ಲಿ ಒಂದು ಕೊಡ್ತೀಯೇನಮ್ಮ? ಗುರಿ ಹತ್ರ ಇಟ್ಟು ಹೋಗ್ತೀನಿ."

"ತಲೆ ಸುತ್ತುತ್ತಾ ಇದೆಯಾ ಅಣ್ಣ?"

"ತಲೆ ನೆಟ್ಟಗಿದೆ. ಕಾಲು ಹೇಳಿದ ಮಾತು ಕೇಳ್ತಿಲ್ಲ."

ಅವಳು ಓಟದ ಮೇಲ್ವಿಚಾರಕನನ್ನು ಕರೆದಳು. ಅವನು ಕತ್ತು ಕೆರೆದುಕೊಂಡ. "ಯಾರೂ ಕೈ ಆಸರೆ ಕೊಡಬಾರದು, ಕೊಟ್ರೆ ಓಟ ಲೆಕ್ಕಕ್ಕಿಲ್ಲ ಅಂತ ನಿಯಮ ಇದೆ. ಹೊರೆ ಹೊರಬಾರದು ಅಂತ ಇಲ್ಲ. ಇಂಥೋರು ಬರ್ತಾರೆ ಅಂತ ಯಾರಿಗೆ ಗೊತ್ತಿತ್ತು."

ಕಪಾಟಣ್ಣ ತಾನೇ ಹಗ್ಗ ಬಿಚ್ಚಿ, ತಾನೇ ಬಗ್ಗಿ, ಚೀಲವನ್ನು ಬೆನ್ನಿಗೆ ತಂದುಕೊಂಡ. ಮಂಡಿ ತಾನಾಗಿ ಬಗ್ಗಿತು, ಹೆಜ್ಜೆ ಗಿಡ್ಡವಾಯಿತು, ಉಸಿರು ಹಿಡಿತಕ್ಕೆ ಬಂತು. ನೋವೇನೂ ಕಮ್ಮಿಯಾಗಲಿಲ್ಲ. ಆದರೆ ಅದು ಅವನಿಗೆ ಪರಿಚಯದ ನೋವು, ಜೀವಮಾನವೆಲ್ಲ ಜೊತೆಗಿದ್ದದ್ದು.

ಅದಾದ ಮೇಲೆ ಬರೀ ರಸ್ತೆ. ಬಿಸಿಲು ಏರಿತು, ಇಳಿಯಿತು. ಚಪ್ಪಾಳೆ ತಟ್ಟುತ್ತಿದ್ದವರು ಊಟಕ್ಕೆ ಎದ್ದು ಹೋದರು. ಕೆಲಸದವರು ರಸ್ತೆಯ ಬ್ಯಾರಿಕೇಡುಗಳನ್ನು ಕಳಚಿ ಲಾರಿಗೆ ಎಸೆಯುತ್ತಿದ್ದರು. ಗುಡಿಸುವ ಹೆಂಗಸು ಕಾಗದದ ಲೋಟಗಳನ್ನು ಅವನ ಕಾಲು ತಪ್ಪಿಸಿ ಗುಡಿಸಿದಳು. ಒಂದು ನಾಯಿ ಸ್ವಲ್ಪ ದೂರ ಹಿಂದೆ ಬಂದು, ಬೇಸರವಾಗಿ ನೆರಳಿಗೆ ಹೋಗಿ ಮಲಗಿತು.

ಕೊನೆಯ ತಿರುವಿನಲ್ಲಿ ಮಗಳು ಎದುರು ಬಂದಳು. ಬೆಳಗಿನಿಂದ ಗುರಿಯ ಹತ್ತಿರ ನಿಂತು ಕಾದು ಅವಳ ಮುಖವೂ ಬಾಡಿತ್ತು. ಅಪ್ಪನ ಬೆನ್ನ ಮೇಲಿನ ಚೀಲ ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಸಾಕಪ್ಪ. ಮುಂದೆ ಯಾವಾಗ್ಲೋ ಬರೋ ಔಷಧಿಗೆ ನೀನ್ಯಾಕೆ ಈಗ ಸಾಯ್ತೀಯ? ಇಳಿಸು ಅದನ್ನ."

ಅವನು ಇನ್ನೊಂದು ಹೆಜ್ಜೆ ಇಟ್ಟ. ಕಾಲು ತಡವರಿಸಿ ಒಂದು ಪಕ್ಕಕ್ಕೆ ವಾಲಿದ. ಹಿಂದೆಯೇ ತೆವಳಿಕೊಂಡು ಬರುತ್ತಿದ್ದ ಬಸ್ಸಿನ ಡ್ರೈವರ್ ಬಾಗಿಲು ತೆರೆದ. ಮಗಳು ಅಪ್ಪನ ತೋಳು ಹಿಡಿಯಲು ಕೈ ಚಾಚಿದಳು.

"ಕೈ ಹಿಂದಕ್ಕೆ ತಗೋ ಮಗಳೇ, ಮುಟ್ಬೇಡ. ನೀನು ಹಿಡ್ಕೊಂಡ್ರೆ ನಾನು ಬೀಳಲ್ಲ, ಗೊತ್ತು. ಆದ್ರೆ ಯಾರೂ ದುಡ್ಡು ಕೊಡಲ್ಲ. ಬೈಬೇಕು ಅನ್ಸಿದ್ರೆ ಪಕ್ಕದಲ್ಲೇ ಬೈಕೊಂಡು ಬಾ. ಕೈ ಮಾತ್ರ ಬೇಡ."