ಸುಗುಣಾ ಪಾಸು ಮಾಡಿದ ಶಿಲಾಜಿತು

ಮದ್ರಾಸಿನ ಅಡ್ಯಾರಿನ ಬಸ್ ಡಿಪೋದ ಹಿಂದಿನ ರಸ್ತೆಯಲ್ಲಿರುವ ಹೋಟೆಲಿನ ಧಣಿ ವಿಷ್ಣುಮೂರ್ತಿ. ಆದರೆ ಉಗ್ರಾಣದಲ್ಲಿ ನಡೆಯುವುದು ಅವರ ಹೆಂಡತಿ ಸುಗುಣಾ ಅವರ ಮಾತು. ಕೋಟದ ಕಡೆಯಿಂದ ಮದುವೆಯಾಗಿ ಮದ್ರಾಸಿಗೆ ಬಂದ ವರ್ಷವೇ ಅವರು ಉಗ್ರಾಣದಲ್ಲಿದ್ದ ಇಂಗಿನ ಡಬ್ಬಿ ತೆರೆದು ಮೂಸಿ, "ಇದರಲ್ಲಿ ಇಂಗಿಗಿಂತ ಮೈದಾ ಜಾಸ್ತಿ ಉಂಟು" ಎಂದಿದ್ದರು. ಮಾವನವರು ನಕ್ಕಿದ್ದರು. ಅಂಗಡಿಯವನನ್ನು ಕರೆಸಿ ಕೇಳಿದಾಗ ಅವನು ನಗಲಿಲ್ಲ. ಅಂದಿನಿಂದ ಮೂವತ್ತಾರು ವರ್ಷ ಬೆಲ್ಲ, ಹುಣಸೆ, ಕಾಫಿಪುಡಿ ಯಾವುದೂ ಅವರ ಮೂಗಿನ ಮುಂದೆ ಹಾದುಹೋಗದೆ ಅಡುಗೆಮನೆ ಸೇರಿದ್ದಿಲ್ಲ. ಸಾಮಾನು ಇಳಿಸುವವರು ಮೂಟೆ ಬಿಚ್ಚಿಟ್ಟು, "ಅಮ್ಮಾ ಪಾತ್ತಾಚ್ಚಾ?" ಎಂದು ಕೇಳಿ, ಅಮ್ಮ ನೋಡಿದ್ದಾಯಿತು ಎಂದ ಮೇಲೆಯೇ ಹೋಗುತ್ತಿದ್ದರು. ಈ ಹೆಂಗಸಿನ ಬಗ್ಗೆ ವಿಷ್ಣುಮೂರ್ತಿಗಳಿಗೆ ಇದ್ದ ಹೆಮ್ಮೆ ಅಷ್ಟಿಷ್ಟಲ್ಲ. ಬಾಯಿಬಿಟ್ಟು ಹೇಳಿದವರಲ್ಲ, ಅಷ್ಟೇ.

ಅರವತ್ತು ದಾಟಿದ ಮೇಲೆ ವಿಷ್ಣುಮೂರ್ತಿಗಳಿಗೆ ಸುಸ್ತು ಶುರುವಾಯಿತು. ಮಧ್ಯಾಹ್ನದ ಊಟದ ಗಿರಾಕಿಗಳು ಕರಗುವಷ್ಟರಲ್ಲಿ ಕಾಲು ಸೋಲುತ್ತಿತ್ತು. ಫೋನಿನಲ್ಲಿ ಕಂಡ ಜಾಹೀರಾತು ನಂಬಿ ಒಂದು ಶೀಶೆ ಶಿಲಾಜಿತು ತರಿಸಿಕೊಂಡರು. ಹಿಮಾಲಯದ ಬಂಡೆಗಳಿಂದ ಒಸರುವ ಅಂಟು, ಬಟಾಣಿ ಕಾಳಿನಷ್ಟು ಹಾಲಿನಲ್ಲಿ ಕದಡಿ ಕುಡಿದರೆ ಕಸುವು ಬರುತ್ತದೆ ಎಂದು ಅದರ ಮೇಲೆ ಬರೆದಿತ್ತು. ಸುಗುಣಾ ಮುಚ್ಚಳ ತೆರೆದರು. ಮೂಗಿನ ಹತ್ತಿರ ಕೂಡ ಒಯ್ಯಲಿಲ್ಲ.

"ಇದು ಸೀದ ಬೆಲ್ಲದ ಪಾಕ. ನಿಮಗೆ ಬೆಲ್ಲ ಬೇಕಿದ್ರೆ ಉಗ್ರಾಣದಲ್ಲೇ ಉಂಟಲ್ಲ" ಎಂದು ಶೀಶೆಯನ್ನು ಕಸದ ಬುಟ್ಟಿಗೆ ಹಾಕಿದರು.

ಅದಾಗಿ ಒಂದು ತಿಂಗಳಿಗೆ ಕಿಟ್ಟಣ್ಣ ಬಂದರು. ಚೆನ್ನೈಯ ಉತ್ತರ ತುದಿಯ ಮಣಲಿಯ ಎಣ್ಣೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ ಅಲ್ಲೇ ಉಳಿದ ಹಳೆಯ ಗೆಳೆಯ. ಬದರಿ ಯಾತ್ರೆಗೆ ಹೋದವರು ಅಲ್ಲಿಯ ಬೆಟ್ಟದವನೊಬ್ಬನಿಂದ ಶಿಲಾಜಿತಿನ ದೊಡ್ಡ ಉಂಡೆಯನ್ನೇ ತಂದಿದ್ದರು. "ಸುಗುಣಕ್ಕಾ, ನೀವು ಒಮ್ಮೆ ನೋಡಿ. ನೀವು ಹೂಂ ಅಂದ್ರೆ ಮಾತ್ರ ನಾನು ಬಾಯಿಗೆ ಹಾಕುದು."

ಸುಗುಣಾ ಅರ್ಧ ದಿನ ಅದರ ಹಿಂದೆ ಬಿದ್ದರು. ಮೂಸಿದರು, ಗೋಮೂತ್ರದಂಥ ಕಟು ವಾಸನೆ. ಅಂಗೈಯಲ್ಲಿ ಹಿಡಿದರೆ ಮೇಣದಂತೆ ಮೆತ್ತಗಾಯಿತು. ಬೆಚ್ಚಗಿನ ನೀರಿಗೆ ಹಾಕಿದರೆ ಚಹದ ಬಣ್ಣ ಬಿಟ್ಟು ಪೂರಾ ಕರಗಿತು. ಬೆಂಕಿಗೆ ಹಿಡಿದರೆ ಉರಿಯಲಿಲ್ಲ, ನೊರೆಯೆದ್ದು ಬೂದಿಯಾಯಿತು. "ಇದು ಅಸಲಿ" ಎಂದರು. ಆ ಒಂದು ಮಾತಿಗೆ ಉಂಡೆ ನಾಲ್ಕು ಪಾಲಾಗಿ ನಾಲ್ಕು ಮನೆ ಸೇರಿತು: ಇವರದು, ಕಿಟ್ಟಣ್ಣನದು, ವೇಲಚೇರಿಯ ಇಬ್ಬರು ಪರಿಚಯದವರ ಮನೆಗಳು. ವಿಷ್ಣುಮೂರ್ತಿ ಮರುದಿನ ಬೆಳಿಗ್ಗೆಯೇ ಹಾಲಿಗೆ ಹಾಕಿ ಕುಡಿದರು. ಎರಡು ವಾರ ಕುಡಿದರು. ಸುಸ್ತು ಹಾಗೆಯೇ ಇತ್ತು. ಹೆಂಡತಿ ಬೇಜಾರು ಮಾಡಿಕೊಂಡಾಳೆಂದು, "ಸ್ವಲ್ಪ ಪರವಾಗಿಲ್ಲ" ಎನ್ನುತ್ತಿದ್ದರು.

ಒಂದು ಭಾನುವಾರ ಸುಗುಣಾ ಅವರ ಅಣ್ಣನ ಮಗಳು ಹರ್ಷಿಣಿ ಊಟಕ್ಕೆ ಬಂದಳು. ಚೆನ್ನೈಯಲ್ಲೇ ಹುಟ್ಟಿ ಬೆಳೆದವಳು, ಆಹಾರ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ಮಾವನ ಹಾಲಿನ ಬಣ್ಣ ನೋಡಿ ವಿಷಯ ಕೇಳಿ ತಿಳಿದುಕೊಂಡಳು.

"ಅತ್ತೆ, ಬ್ಯಾಚ್ ನಂಬರ್ ಎಲ್ಲಿ? ಲ್ಯಾಬ್ ರಿಪೋರ್ಟ್?"

"ಬೆಟ್ಟದಿಂದ ತಂದದ್ದಕ್ಕೆ ಎಂಥ ನಂಬರ್? ನಾನು ನೋಡಿದ್ದೇನೆ. ಅಸಲಿಯೇ."

"ಇರಲಿ, ಅಸಲಿಯೇ ಇರಲಿ. ಆದ್ರೆ ಕಲ್ಲಿನಿಂದ ಬರೋದಲ್ವಾ, ಸೀಸ, ಆರ್ಸೆನಿಕ್ ಎಲ್ಲ ಅದರ ಕೂಡೆ ಬರ್ತದೆ. ಶುದ್ಧಿ ಮಾಡಿ ಟೆಸ್ಟ್ ಮಾಡಿದ್ದೇ ತಗೋಬೇಕು. ಸೀಸಕ್ಕೆ ವಾಸನೆ ಇಲ್ಲ ಅತ್ತೆ. ನಿಮ್ಮ ಮೂಗಿಗೂ ತೆರಿಯಾದು, ಗೊತ್ತೇ ಆಗಲ್ಲ."

ಸುಗುಣಾ ಅವರ ಮುಖ ಬಿಗಿಯಿತು. ಪಾಯಸ ಬಡಿಸುವಾಗ ಹರ್ಷಿಣಿಯ ಎಲೆಗೆ ಒಂದೇ ಸೌಟು ಬಿತ್ತು. ಆದರೂ ಅವಳು ಹೊರಟಾಗ ಒಂದು ಚೂರನ್ನು ಪುಟ್ಟ ಡಬ್ಬಿಗೆ ಹಾಕಿ ಕೈಗಿತ್ತವರು ಸುಗುಣಾ ಅವರೇ. "ನೋಡು. ನೋಡಿ ಹೇಳು. ಅಲ್ಲಿವರೆಗೆ ಇವರಿಗೆ ಕೊಡುದಿಲ್ಲ."

ಹತ್ತು ದಿನಕ್ಕೆ ಹರ್ಷಿಣಿಯ ಫೋನು ಬಂತು. ಶಿಲಾಜಿತು ಅಸಲಿ, ಆದರೆ ಶುದ್ಧಿ ಮಾಡಿದ್ದಲ್ಲ. ಸೀಸ ಮಿತಿಗಿಂತ ನಾಲ್ಕು ಪಟ್ಟು.

ಸುಗುಣಾ ಫೋನಿಟ್ಟು ಮನೆಯಲ್ಲಿ ಉಳಿದಿದ್ದ ಪಾಲನ್ನು ಕಸದ ಬುಟ್ಟಿಗೆ ಹಾಕಿದರು. ಅಂದೇ ಗಂಡನನ್ನು ಡಾಕ್ಟರ ಬಳಿಗೆ ಕರೆದುಕೊಂಡು ಹೋದರು. ಎರಡೇ ವಾರ ಕುಡಿದದ್ದರಿಂದ ರಕ್ತದಲ್ಲಿ ಹೇಳಿಕೊಳ್ಳುವಂಥ ಸೀಸವೇನೂ ಸೇರಿರಲಿಲ್ಲ. ಸುಸ್ತಿಗೆ ಕಾರಣ ವಿಟಮಿನ್ ಬಿ-ಟ್ವೆಲ್ವ್ ಕೊರತೆಯೆಂದು ಅದೇ ರಕ್ತಪರೀಕ್ಷೆಯಲ್ಲಿ ಗೊತ್ತಾಯಿತು. ಇಂಜೆಕ್ಷನ್ ಬರೆದುಕೊಟ್ಟ ಡಾಕ್ಟರು, "ಮೊದಲೇ ಬಂದಿದ್ದರೆ ಇಷ್ಟು ದಿನ ಸುಸ್ತುಪಡುವುದು ತಪ್ಪುತ್ತಿತ್ತು" ಎಂದರು. ಸುಗುಣಾ ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡದ್ದನ್ನು ವಿಷ್ಣುಮೂರ್ತಿ ಮೊದಲ ಸಲ ನೋಡಿದರು. ಆ ನೋಟ ಅವರಿಗೆ ಇಷ್ಟವಾಗಲಿಲ್ಲ.

ಆ ಸಂಜೆಯೇ ಸುಗುಣಾ ಮೂರು ಮನೆಗೂ ಫೋನು ಮಾಡಿ, ಅದನ್ನು ತಿನ್ನಬೇಡಿ ಎಂದರು. ವೇಲಚೇರಿಯವರು ಒಪ್ಪಿದರು. ಕಿಟ್ಟಣ್ಣ ಒಪ್ಪಲಿಲ್ಲ. "ಆ ಹುಡುಗಿಗೆ ಎಂತ ಗೊತ್ತು ಸುಗುಣಕ್ಕಾ? ನಿಮ್ಮ ಮೂಗು ಈವರೆಗೆ ತಪ್ಪಿದ್ದುಂಟಾ?" ಎಂದು ನಕ್ಕು ಫೋನಿಟ್ಟರು.

"ನಾಳೆ ಮಣಲಿಗೆ ಹೋಗುವ" ಎಂದರು ಸುಗುಣಾ.

"ಇನ್ನೊಮ್ಮೆ ಫೋನ್ ಮಾಡಿದ್ರಾಯ್ತಲ್ಲ ಮಾರಾಯ್ತಿ. ಅಷ್ಟು ದೂರ ಯಾಕೆ?"

"ಅವರು ತಿನ್ನುದು ನನ್ನ ಮಾತು ನಂಬಿ. ಎದುರಿಗೆ ಕೂತು ಹೇಳ್ಬೇಕು."

ಬಸ್ಸು ಬದಲಾಯಿಸಿ, ಲಾರಿಗಳ ಸಾಲಿನ ಹಿಂದೆ ತೆವಳಿ ಮಣಲಿ ಮುಟ್ಟುವಷ್ಟರಲ್ಲಿ ಹನ್ನೊಂದು ಗಂಟೆ. ಕಿಟ್ಟಣ್ಣನ ಸೊಸೆ ಪ್ರೇರಣಾ ಬಾಗಿಲು ತೆರೆದಳು. ಏಳು ತಿಂಗಳ ಬಸುರಿ. ಮೇಜಿನ ಮೇಲೆ ಉಂಡೆಯಿದ್ದ ಡಬ್ಬಿ ಕಾಣುತ್ತಿತ್ತು. ಸುಗುಣಾ ನೀರು ಕೂಡ ಕುಡಿಯಲಿಲ್ಲ.

"ನೀನು ಇದನ್ನು ತಿಂದಿದ್ದೀಯಾ ಮಗಾ?"

"ಇಲ್ಲ ಆಂಟಿ. ಮಾವ ಬರುವ ವಾರದಿಂದ ಅಂದಿದ್ರು. ಮಗುವಿಗೂ ಒಳ್ಳೆಯದಂತೆ."

ಸುಗುಣಾ ಕಿಟ್ಟಣ್ಣನ ಎದುರಿನ ಕುರ್ಚಿಯಲ್ಲಿ ಕುಳಿತರು.

"ಕಿಟ್ಟಣ್ಣಾ, ನಾನು ತಪ್ಪಿದೆ. ಮೂಸಿ ನೋಡಿದ್ರೆ ಅಸಲಿಯೋ ನಕಲಿಯೋ ಒಂದು ಅಂದಾಜು ಸಿಗಬಹುದು. ವಿಷ ಉಂಟೋ ಇಲ್ಲವೋ ನನಗೆ ಗೊತ್ತಾಗುದಿಲ್ಲ. ಗೊತ್ತಾಗ್ತದೆ ಅಂತ ತಿಳಿದುಕೊಂಡಿದ್ದೆ. ಸೀಸ ಹೊಟ್ಟೆಯ ಮಗುವಿಗೂ ಮುಟ್ತದಂತೆ. ನಿಮಗೆ ಬೇಕೇ ಬೇಕೂಂತ ಇದ್ರೆ ಶುದ್ಧಿ ಮಾಡಿದ್ದು, ಆ ಬ್ಯಾಚಿನದ್ದೇ ರಿಪೋರ್ಟ್ ಇರುವಂಥದ್ದು ತಕ್ಕೊಳ್ಳಿ. ಅದನ್ನೂ ನಿಮ್ಮ ಬಿ.ಪಿ. ಡಾಕ್ಟರಿಗೆ ಕೇಳಿ. ಈ ಹುಡುಗಿಗೆ ಮಾತ್ರ ಯಾವುದೂ ಬೇಡ."

ಕಿಟ್ಟಣ್ಣ ಡಬ್ಬಿಯ ಮುಚ್ಚಳ ತೆರೆದು ನೋಡಿದರು. ಅಷ್ಟು ದೂರದಿಂದ ಹೊತ್ತು ತಂದ ಬದರಿಯ ಉಂಡೆ. ಕೊನೆಗೆ ಡಬ್ಬಿಯನ್ನು ಸುಗುಣಾ ಅವರ ಕಡೆ ಸರಿಸಿ, "ಇದನ್ನು ಹೇಳ್ಲಿಕ್ಕೆ ಇಲ್ಲಿತನಕ ಬಂದ್ರಲ್ಲ ಸುಗುಣಕ್ಕಾ. ಇನ್ನು ಊಟ ಮಾಡದೆ ಕಳಿಸುದಿಲ್ಲ" ಎಂದರು.

ಪ್ರೇರಣಾ ಮಾಡಿದ್ದ ಬದನೆಕಾಯಿ ಹುಳಿಯನ್ನು ಸುಗುಣಾ ಎರಡು ಸಲ ಹಾಕಿಸಿಕೊಂಡರು. ಮಸಾಲೆ ಹೇಗೆ ಹುರಿದೆ ಎಂದು ಕೇಳಿ, ಅವಳು ಹೇಳಿದ್ದನ್ನು ಗಮನವಿಟ್ಟು ಕೇಳಿದರು. ತಿದ್ದಲು ಹೋಗಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಹೆಂಡತಿಗೆ ಏನಾದರೂ ಹೇಳಬೇಕೆಂದು ವಿಷ್ಣುಮೂರ್ತಿ ಗಂಟಲು ಸರಿಮಾಡಿಕೊಂಡರು. ಮೂವತ್ತಾರು ವರ್ಷ ಹೇಳದೆ ಉಳಿಸಿಕೊಂಡ ಮಾತು, ಹೇಗೆ ಶುರು ಮಾಡುವುದೆಂದು ಹೊಳೆಯಲಿಲ್ಲ.

"ಇವತ್ತು ನೀನು ಮಾಡಿದ್ದು ದೊಡ್ಡದು, ಸುಗುಣಾ" ಎಂದರು ಕೊನೆಗೆ.

ತಿರುಗಿ ನೋಡಿದರೆ ಸುಗುಣಾ ಕಿಟಕಿಯ ಸರಳಿಗೆ ತಲೆಯಾನಿಸಿ ನಿದ್ದೆ ಹೋಗಿದ್ದರು. ವಿಷ್ಣುಮೂರ್ತಿ ಮೆಲ್ಲನೆ ಆ ತಲೆಯನ್ನು ತಮ್ಮ ಹೆಗಲಿಗೆ ಒರಗಿಸಿಕೊಂಡು, ಅಡ್ಯಾರ್ ಬರುವವರೆಗೂ ಅಲುಗಾಡದೆ ಕುಳಿತರು.